ಚೌಡಿಕಟ್ಟೆಯ ಇಳಿಜಾರು

ಕೊಪ್ಪದ ಬಸ್ ಸ್ಟ್ಯಾಂಡಿನಿಂದ ಕೂಗಳತೆಯಲ್ಲಿ ನನ್ನ ಫೋಟೋ ಸ್ಟುಡಿಯೋ ಇತ್ತು. ಮದುವೆ, ನಾಮಕರಣ, ಶಾಲೆಯ ಗ್ರೂಪ್ ಫೋಟೋ, ಅರ್ಜಿಗೆ ಅಂಟಿಸುವ ಪಾಸ್‌ಪೋರ್ಟ್ ಸೈಜು, ಇದೆಲ್ಲ ಊರಿಗೇ ಗೊತ್ತಿದ್ದ ಕೆಲಸ. ಇನ್ನೊಂದು ಪೊಲೀಸರ ಕೆಲಸ. ಸುತ್ತಮುತ್ತ ಎಲ್ಲಾದರೂ ಗಾಡಿ ಮಗುಚಿದರೆ ಮಹಜರಿಗೆ ಫೋಟೋ ಬೇಕೆಂದು ಕಾನ್‌ಸ್ಟೇಬಲ್ ಒಬ್ಬರು ನನ್ನ ಬಾಗಿಲಿಗೆ ಬರುತ್ತಿದ್ದರು. ಹದಿನೈದು ವರ್ಷ ಹೀಗೆ ಫೋಟೋ ತೆಗೆದ ಮೇಲೆ ನನ್ನ ಕಣ್ಣಿಗೆ ರಸ್ತೆಯೇ ಬೇರೆ ಥರ ಕಾಣತೊಡಗಿತು. ಉಳಿದವರಿಗೆ ಶೃಂಗೇರಿ ದಾರಿಯೆಂದರೆ ದೇವಸ್ಥಾನಕ್ಕೆ ಹೋಗುವ ದಾರಿ. ನನಗೆ ಅದು ಜೀಪು ಪಲ್ಟಿ ಹೊಡೆದ ತಿರುವು, ಲಾರಿ ಒರಗಿದ ಹಲಸಿನ ಮರ, ಬೈಕು ಹಾರಿದ ಮೋರಿ.

ಇಂಥವನ ಮಗಳು ಎರಡು ಸಾವಿರದ ನಾಲ್ಕನೇ ಇಸವಿಯಲ್ಲಿ, ಹದಿನೆಂಟು ತುಂಬಿದ ವಾರವೇ, ತನಗೆ ವ್ಯಾನು ಕಲಿಸಬೇಕೆಂದು ಕೇಳಿದಳು.

ಕೇಳಿದ್ದರಲ್ಲಿ ನ್ಯಾಯ ಇತ್ತು. ಕ್ಯಾಮೆರಾ ಹಿಡಿಯುವುದನ್ನು ಅವಳು ಹೈಸ್ಕೂಲಿನಲ್ಲೇ ಕಲಿತಿದ್ದಳು. ಮದುವೆಮನೆಯ ಒಳಕೋಣೆಯಲ್ಲಿ ಮದುಮಗಳಿಗೆ ಸೀರೆ ಉಡಿಸುವಾಗ, ಹೂ ಮುಡಿಸುವಾಗ ನನ್ನನ್ನು ಯಾರೂ ಒಳಗೆ ಬಿಡುತ್ತಿರಲಿಲ್ಲ. ಅವಳನ್ನಾದರೆ ಕರೆದು ಕೂರಿಸಿ ಕಡುಬು ಕೊಡುತ್ತಿದ್ದರು. ಲಗ್ನದ ದಿನಗಳಲ್ಲಿ ನರಸಿಂಹರಾಜಪುರದಲ್ಲೊಂದು, ಶೃಂಗೇರಿಯಲ್ಲೊಂದು ಮದುವೆ ಒಂದೇ ಮುಹೂರ್ತಕ್ಕೆ ಬಿದ್ದರೆ ಒಂದನ್ನು ಬಿಡಬೇಕಾಗುತ್ತಿತ್ತು. ಹಾಗೆ ಬಿಟ್ಟದ್ದನ್ನು ತಾನು ಮಾಡುತ್ತೇನೆ ಎಂಬುದು ಅವಳ ಆಸೆ. ಅದಕ್ಕೆ ಅವಳು ವ್ಯಾನು ಓಡಿಸಿಕೊಂಡು ಒಬ್ಬಳೇ ಹೋಗಬೇಕು. ಆ ‘ಒಬ್ಬಳೇ’ ಎಂಬ ಮಾತಿಗೇ ನಾನು ತಯಾರಿರಲಿಲ್ಲ.

ಆಗಲಿ, ಮೊದಲು ಥಿಯರಿ ಎಂದೆ. ಮದುವೆಗಾಗಿ ತಂದಿಟ್ಟಿದ್ದ ಆಲ್ಬಂ ಒಂದು ಉಳಿದಿತ್ತು. ಅದರ ರಟ್ಟಿನ ಮೇಲೆ ಬಂಗಾರದ ಅಕ್ಷರದಲ್ಲಿ ‘ಶುಭವಿವಾಹ’ ಎಂದು ಅಚ್ಚಾಗಿತ್ತು. ನನ್ನ ಹತ್ತಿರ ಉಳಿದಿದ್ದ ನೆಗೆಟಿವ್‌ಗಳಲ್ಲಿ ಮನುಷ್ಯರಿಲ್ಲದ, ಬರೀ ಗಾಡಿಗಳ ಫೋಟೋಗಳನ್ನು ಆರಿಸಿ, ಪ್ರಿಂಟ್ ಹಾಕಿಸಿ ಅದರೊಳಗೆ ಅಂಟಿಸಿದೆ. ಪ್ರತಿಯೊಂದರ ಕೆಳಗೂ ದುಂಡಗೆ ಬರೆದೆ. ‘ಕಾರಣ: ಅತಿವೇಗ.’ ‘ಕಾರಣ: ನಿದ್ದೆ.’ ‘ಕಾರಣ: ಕುಡಿತ.’ ‘ಕಾರಣ: ದನ, ಮತ್ತು ಅತಿವೇಗ.’ ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮಗಳನ್ನು ಕೂರಿಸಿಕೊಂಡು ಆ ಶುಭವಿವಾಹವನ್ನು ತೆರೆದೆ. ಅವಳು ಒಂದೊಂದೇ ಹಾಳೆ ತಿರುಗಿಸಿ ಕೊನೆಯವರೆಗೂ ನೋಡಿದಳು. ಆಮೇಲೆ, ಮೂರನೆಯ ಫೋಟೋ ಸ್ವಲ್ಪ ಶೇಕ್ ಆಗಿದೆ ಎಂದಳು.

ಆಗಿತ್ತು. ಅದನ್ನು ತೆಗೆಯುವಾಗ ನನ್ನ ಕೈ ನಡುಗಿತ್ತು. ಅದನ್ನು ಹೇಳಲಿಲ್ಲ. ಹೇಳಿದ್ದರೆ ಇಡೀ ಆಲ್ಬಮ್ಮಿಗಿಂತ ಅದೊಂದು ಮಾತೇ ಹೆಚ್ಚು ಕೆಲಸ ಮಾಡುತ್ತಿತ್ತೋ ಏನೋ. ಬದಲಿಗೆ, ಫೋಟೋ ನೋಡಬೇಡ ಮಾರಾಯ್ತಿ, ಕಾರಣ ನೋಡು ಎಂದು ಗದರಿದೆ.

ನಮ್ಮ ವ್ಯಾನಿನ ವಿಷಯ ಹೇಳಬೇಕು. ಅದು ಮಾರುತಿ ಓಮ್ನಿ. ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು. ಅದರಲ್ಲಿ ನಾನು ಎಷ್ಟು ನಿಧಾನಕ್ಕೆ ಹೋಗುತ್ತಿದ್ದೆನೆಂದರೆ, ಕೈ ಅಡ್ಡ ಹಿಡಿದವರು ನಿಂತಿತೆಂದುಕೊಂಡು ಬಾಗಿಲಿಗೆ ಕೈ ಹಾಕುತ್ತಿದ್ದರು. ಪ್ರತಿ ತಿರುವಿಗೆ ಮೂರು ಹಾರ್ನ್. ನನ್ನ ಡ್ರೈವಿಂಗಿನಲ್ಲಿ ಯಾರೂ ಬೆರಳಿಡುವಂತಿಲ್ಲ ಎಂದು ನಂಬಿಕೊಂಡಿದ್ದೆ. ಇದ್ದ ಒಂದು ಚಟವನ್ನು ನಾನು ಚಟದ ಲೆಕ್ಕಕ್ಕೇ ಹಿಡಿದಿರಲಿಲ್ಲ. ಇಳಿಜಾರು ಸಿಕ್ಕಿದರೆ ಎಂಜಿನ್ ಬಂದ್ ಮಾಡಿ, ನ್ಯೂಟ್ರಲ್ ಮಾಡಿ, ಗಾಡಿಯನ್ನು ತನ್ನಷ್ಟಕ್ಕೆ ಉರುಳಲು ಬಿಡುವುದು. ನಮ್ಮ ಕಡೆ ಗಾಡಿ ಇಟ್ಟವರಲ್ಲಿ ಬಹಳ ಜನ ಮಾಡುತ್ತಿದ್ದರು. ಪೆಟ್ರೋಲ್ ಉಳಿಯುತ್ತದೆ ಎನ್ನುವುದಕ್ಕಿಂತ ದೇವರು ಕೊಟ್ಟ ಇಳಿಜಾರನ್ನು ದಂಡ ಮಾಡಬಾರದು ಎಂಬ ಭಾವ. ಕಮ್ಮರಡಿಗೆ ಹೋಗುವ ದಾರಿಯಲ್ಲಿ ಒಂದು ಚೌಡಿಕಟ್ಟೆ ಇದೆ. ಮರದ ಬುಡದಲ್ಲಿ ಕುಂಕುಮ ಹಚ್ಚಿದ ಎರಡು ಕಲ್ಲು, ದಾರಿ ಕಾಯುವ ಚೌಡಿ. ಡ್ರೈವರುಗಳು ಅಲ್ಲಿ ಒಮ್ಮೆ ಹಾರ್ನ್ ಹೊಡೆದು ಮುಂದೆ ಹೋಗುವುದು ವಾಡಿಕೆ. ಕಟ್ಟೆ ದಾಟಿದ ಕೂಡಲೇ ಉದ್ದದ ಇಳಿಜಾರು. ನಾನು ಹಾರ್ನ್ ಹೊಡೆದು, ಅಲ್ಲೇ ಕೀ ತಿರುಗಿಸಿ ಬಂದ್ ಮಾಡಿದರೆ ಕೆಳಗಿನ ಸೇತುವೆಯ ತನಕ ಹಕ್ಕಿಯ ದನಿ ಕೇಳಿಸಿಕೊಂಡು ಹೋಗಬಹುದಿತ್ತು.

ನನ್ನ ಆಲ್ಬಮ್ಮಿನಲ್ಲಿ ಆ ಕಾರಣದ ಫೋಟೋ ಒಂದೂ ಇರಲಿಲ್ಲ. ನಾನೇ ಬರೆದ ಆಲ್ಬಂ ತಾನೆ.

ಕಾಲೇಜಿನ ಮೈದಾನದಲ್ಲಿ ಶುರು ಮಾಡಿ, ಆಮೇಲೆ ನರಸಿಂಹರಾಜಪುರದ ದಾರಿಗೆ ಹೋದೆವು. ಕಡಹಿನಬೈಲಿನ ಗದ್ದೆಗಳ ನಡುವೆ ರಸ್ತೆ ಅಷ್ಟಿಷ್ಟು ಮಟ್ಟಸ, ಎದುರಿಗೆ ಬರುವುದೆಲ್ಲ ದೂರದಿಂದಲೇ ಕಾಣುತ್ತದೆ. ಶೃಂಗೇರಿ ಕಡೆ, ಕಮ್ಮರಡಿ ಕಡೆ ಬೇಡವೇ ಬೇಡ ಎಂದಿದ್ದೆ. ಆಲ್ಬಮ್ಮಿನ ಮುಕ್ಕಾಲು ಪಾಲು ಆ ಕಡೆಯದೇ. ಎಡಗಡೆಯ ಸೀಟಿನಲ್ಲಿ ಕೂತು ಅವಳಿಗಿಂತ ಮೊದಲು ನಾನು ಬ್ರೇಕ್ ಒತ್ತುತ್ತಿದ್ದೆ. ನನ್ನ ಕಾಲ ಕೆಳಗೆ ಬ್ರೇಕ್ ಇರಲಿಲ್ಲ, ಮ್ಯಾಟ್ ಇತ್ತು. ಒಂದು ತಿಂಗಳಲ್ಲಿ ಆ ಮ್ಯಾಟ್ ಹಿಮ್ಮಡಿಯಷ್ಟಗಲ ಸವೆದು ತೂತಾಯಿತು. ನಾನು ಹಿಡಿದು ಜೋತುಬೀಳುತ್ತಿದ್ದ ಕಿಟಕಿಯ ಮೇಲಿನ ಹಿಡಿ ಸ್ಕ್ರೂ ಸಮೇತ ಕೈಗೆ ಬಂತು. ಅದು ಕೈಗೆ ಬಂದಾಗ ವ್ಯಾನು ನಿಂತಿತ್ತು ಎನ್ನುವುದನ್ನೂ ಹೇಳಿಬಿಡುತ್ತೇನೆ. ಒಂದು ಕೋಳಿ ದಾಟಲಿ ಎಂದು ಅವಳು ನಿಲ್ಲಿಸಿದ್ದಳು.

ಒಂದು ದಿನ ನನ್ನ ಹೆಂಡತಿಯೂ ಹಿಂದಿನ ಸೀಟಿನಲ್ಲಿ ಬಂದಳು. ಕಡಹಿನಬೈಲಿನಲ್ಲಿ ವ್ಯಾನು ನಿಲ್ಲಿಸಲು ಹೇಳಿ, ಇಳಿದು, ಬಸ್ಸಿಗೆ ಕೈ ಅಡ್ಡ ಹಿಡಿದಳು. ಮಗಳು ಓಡಿಸುವುದಕ್ಕೆ ಹೆದರಿದೆಯಾ ಎಂದು ಕೇಳಿದೆ. “ಅವ್ಳು ಓಡ್ಸದು ಚೆನಾಗಿದೆ ಮಾರಾಯ್ರೆ. ನೀವು ಕೂರದು ನೋಡಕ್ಕಾಗಲ್ಲ” ಎಂದು ಬಸ್ಸು ಹತ್ತಿದಳು.

ಬ್ರೇಕ್ ಇನ್ಸ್‌ಪೆಕ್ಟರು ಊರಿಗೆ ಬಂದ ದಿನ ಮಗಳು ಮೊದಲ ಸಲಕ್ಕೇ ಪಾಸಾದಳು. ನಾನು ನನ್ನ ಕಾಲದಲ್ಲಿ ಮೂರನೆಯ ಸಲಕ್ಕೆ ಪಾಸಾದವನು. ಮನೆಯಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ, ಇದನ್ನು ಓದುವವರೆಗೆ. ಟೆಸ್ಟ್ ನಡೆಯುವಾಗ ಮೈದಾನದ ಅಂಚಿನಲ್ಲಿ ನಿಂತು ನಾನು ಗಾಳಿಯಲ್ಲಿ ಸ್ಟೇರಿಂಗ್ ತಿರುಗಿಸುತ್ತಿದ್ದೆನಂತೆ. ಇನ್ಸ್‌ಪೆಕ್ಟರು ಮಗಳ ಹತ್ತಿರ, ಅವರು ಯಾರು, ಹುಷಾರಿಲ್ಲವಾ ಎಂದು ಕೇಳಿದರಂತೆ. ಅವಳು, ಗೊತ್ತಿಲ್ಲ ಸಾರ್ ಎಂದಳಂತೆ.

ಲೈಸೆನ್ಸು ಬಂದರೂ ಕೀ ನನ್ನ ಜೇಬಿನಲ್ಲೇ ಉಳಿಯಿತು. ಒಂದು ವಾರ ಟೈರ್ ಸವೆದಿದೆ ಎಂದೆ. ಇನ್ನೊಂದು ವಾರ ಅಮಾವಾಸ್ಯೆ. ಅಮಾವಾಸ್ಯೆ ಮುಗಿದ ಮೇಲೆ ರಸ್ತೆಗೆ ಜಲ್ಲಿ ಸುರಿದಿದ್ದಾರೆ ಎಂದೆ. ಜಲ್ಲಿ ಸುರಿದದ್ದು ಬೇರೆ ರಸ್ತೆಗೆ. ಆ ಹೊತ್ತಿಗೆ ಲಗ್ನದ ದಿನಗಳು ಬಂದೇಬಿಟ್ಟವು. ಒಂದೇ ಮುಹೂರ್ತದ ಎರಡು ಮದುವೆಯವರು ಬಂದು ಕೇಳಿದರು. ಮಗಳು ಜಗಳ ಆಡುವವಳಲ್ಲ, ಬಂದು ಎದುರಿಗೆ ನಿಂತಳು. “ಈ ಸಲ ನನ್ನನ್ನ ಒಬ್ಳೇ ಬಿಡ್ತೀರಾ ಇಲ್ವಾ ಅಪ್ಪಯ್ಯ? ಇಲ್ಲ ಅಂದ್ರೆ ಇಲ್ಲ ಅನ್ನಿ. ನಾನು ಬೇರೆ ಎಂತಾದ್ರೂ ಕಲಿತೀನಿ” ಎಂದಳು. ನಾನು ಕೀ ಇದ್ದ ಜೇಬಿನ ಮೇಲೆ ಕೈ ಇಟ್ಟುಕೊಂಡೆ. ಕೊನೆಗೆ ಮಧ್ಯಸ್ಥಿಕೆಗೆ ಬಂದವಳು ಹೆಂಡತಿಯೇ. ಕಮ್ಮರಡಿಯ ಒಂದು ಮನೆಗೆ ಮದುವೆಯ ಆಲ್ಬಂ ತಲುಪಿಸುವುದಿತ್ತು. ಅದನ್ನು ಮಗಳು ಒಬ್ಬಳೇ ಹೋಗಿ ಕೊಟ್ಟು ಬರಲಿ. ಸರಿಯಾಗಿ ಬಂದರೆ ಮದುವೆಗೆ ಬಿಡುವುದು, ಏನಾದರೂ ಆದರೆ ಕೀ ಮತ್ತೆ ನನ್ನ ಜೇಬಿಗೆ. ಇಷ್ಟು ಮಾತಾಯಿತು.

ಅವಳು ಹೊರಟ ದಿನ ಬೆಳಿಗ್ಗೆ ಹತ್ತು ಗಂಟೆ. ಆಲ್ಬಮ್ಮನ್ನು ಟವೆಲಿನಲ್ಲಿ ಸುತ್ತಿ ಹಿಂದಿನ ಸೀಟಿನಲ್ಲಿಟ್ಟು, ಕ್ಯಾಮೆರಾ ಬ್ಯಾಗು ಪಕ್ಕಕ್ಕಿಟ್ಟುಕೊಂಡು, ಇಂಡಿಕೇಟರ್ ಹಾಕಿ ರಸ್ತೆಗೆ ಇಳಿದಳು. ಕೊಪ್ಪದಲ್ಲಿ ಇಂಡಿಕೇಟರ್ ಹಾಕಿ ರಸ್ತೆಗೆ ಇಳಿದವರನ್ನು ಅಂದು ಮೊದಲ ಸಲ ನೋಡಿದೆ. ಸ್ಟುಡಿಯೋ ಒಳಗೆ ಬಂದು ಕೂತೆ. ಕೂತವನು ಎದ್ದೆ. ಪಕ್ಕದಲ್ಲಿ ಟೈಲರ್ ಅಂಗಡಿ, ಅದರ ಎದುರು ಅವರ ಹಳೆಯ ಸ್ಕೂಟರ್. ಇಲ್ಲೇ ಒಂದು ನಿಮಿಷ ಹೋಗಿಬರುತ್ತೇನೆ ಎಂದು ಕೇಳಿದೆ. ಮಗಳು ಕನ್ನಡಿಯಲ್ಲಿ ಗುರುತು ಹಿಡಿಯಬಾರದೆಂದು ಅವರ ಹೆಲ್ಮೆಟ್ಟನ್ನೂ ಕೇಳಿದೆ. ಅದನ್ನು ಅವರು ಮಗುಚಿಟ್ಟು ಶರ್ಟಿನ ಗುಂಡಿ ಹಾಕಿಡಲು ಬಳಸುತ್ತಿದ್ದರು. ಗುಂಡಿಗಳನ್ನು ಪೇಪರಿಗೆ ಸುರಿದು ಕೊಟ್ಟರು.

ಗುರುತು ಸಿಗಬಾರದೆಂದು ಹಾಕಿದ ಹೆಲ್ಮೆಟ್ಟೇ ನನ್ನ ಮಾನ ಕಳೆಯಿತು. ಆಗ ನಮ್ಮೂರಿನಲ್ಲಿ ಹೆಲ್ಮೆಟ್ ಹಾಕುವವರೇ ಇರಲಿಲ್ಲ. ಪೇಟೆ ದಾಟುವಷ್ಟರಲ್ಲಿ ಮೂರು ಜನ ತಡೆದು, ಯಾಕೆ, ಎಲ್ಲಿಗೆ, ತಲೆಗೆ ಏನಾಯಿತು ಎಂದು ವಿಚಾರಿಸಿದರು. ಅವರಿಂದ ತಪ್ಪಿಸಿಕೊಂಡು ಹೋದರೆ ವ್ಯಾನು ಕಾಣಲಿಲ್ಲ. ಎರಡು ತಿರುವು ದಾಟಿದ ಮೇಲೆ ಕಂಡಿತು. ಅಲ್ಲಿಂದ ಮುಂದೆ ಸಾಕಷ್ಟು ಅಂತರ ಬಿಟ್ಟು ಹಿಂದೆ ಹೋದೆ. ಒಳಗೆ ಉಳಿದಿದ್ದ ಒಂದೆರಡು ಗುಂಡಿ ಹೆಲ್ಮೆಟ್ಟಿನಲ್ಲಿ ಕಟಕಟ ಎನ್ನುತ್ತಿತ್ತು.

ಮಗಳು ಚೆನ್ನಾಗಿ ಓಡಿಸುತ್ತಿದ್ದಳು. ತಿರುವಿನಲ್ಲಿ ಎಡಕ್ಕೆ ಸರಿದು ಹಾರ್ನ್ ಮಾಡುತ್ತಿದ್ದಳು, ಎಮ್ಮೆಗೆ ನಿಲ್ಲಿಸುತ್ತಿದ್ದಳು, ಶಾಲೆಯ ಹತ್ತಿರ ನಡೆಯುವ ವೇಗಕ್ಕೆ ಇಳಿಸುತ್ತಿದ್ದಳು. ಮೊದಮೊದಲು ಸಮಾಧಾನವಾಯಿತು. ಆಮೇಲೆ, ಹೇಳಲು ನಾಚಿಕೆ, ಅಷ್ಟು ದೂರ ಹಿಂದೆ ಹೋದರೂ ಒಂದು ತಪ್ಪೂ ಸಿಗದೆ ಸ್ವಲ್ಪ ಬೇಸರವೇ ಆಯಿತು. ಮನೆಗೆ ಹೋಗಿ ಹೇಳಲು ಏನಾದರೂ ಬೇಕಲ್ಲ.

ಚೌಡಿಕಟ್ಟೆ ಬಂತು. ಅವಳು ಒಂದು ಹಾರ್ನ್ ಹೊಡೆದಳು. ಸಂಪ್ರದಾಯ ಬಿಟ್ಟಿಲ್ಲ ಎಂದು ಖುಷಿಯಾಗಿ ನಾನೂ ಒಂದು ಹೊಡೆದೆ. ವ್ಯಾನು ಇಳಿಜಾರಿಗೆ ಇಳಿಯಿತು, ಹಿಂದೆ ನಾನೂ ಇಳಿದೆ. ಸ್ವಲ್ಪ ದೂರ ಹೋದ ಮೇಲೆ ಒಂದು ಹಕ್ಕಿ ಕೂಗಿದ್ದು ಕೇಳಿತು. ಕೇಳಬಾರದಿತ್ತು. ವ್ಯಾನಿನ ಸೈಲೆನ್ಸರ್ ಹಳೆಯದು, ಅದರ ಸದ್ದಿನ ಮುಂದೆ ಹಕ್ಕಿ ಕೇಳುವುದಿಲ್ಲ. ಅವಳು ಎಂಜಿನ್ ಬಂದ್ ಮಾಡಿದ್ದಳು. ಅದು ಹೊಳೆದ ಮರುಕ್ಷಣ ಇನ್ನೊಂದೂ ಹೊಳೆಯಿತು. ನನ್ನ ಸ್ಕೂಟರ್ ಕೂಡ ಸದ್ದು ಮಾಡುತ್ತಿರಲಿಲ್ಲ. ಹಾರ್ನ್ ಹೊಡೆದ ಕೈ ತಾನಾಗಿಯೇ ಹೋಗಿ ಸ್ವಿಚ್ಚನ್ನೂ ಆರಿಸಿತ್ತು. ಅಪ್ಪ ಮಗಳು ಇಬ್ಬರೂ ಹಿಂದೆ ಮುಂದೆ, ಸದ್ದಿಲ್ಲದೆ ಉರುಳಿಕೊಂಡು ಹೋಗುತ್ತಿದ್ದೆವು.

ಕೆಳಗಿನ ತಿರುವಿನಿಂದ ಬಸ್ಸೊಂದು ಮೇಲಕ್ಕೆ ಬಂತು. ಅವಳು ಬ್ರೇಕ್ ಒತ್ತಿದಳು, ಹಿಂದಿನ ಕೆಂಪು ದೀಪ ಹತ್ತಿತು, ಆರಿತು, ಮತ್ತೆ ಹತ್ತಿತು. ಎಂಜಿನ್ ನಿಂತ ಗಾಡಿಯಲ್ಲಿ ಒಂದೆರಡು ಸಲ ಒತ್ತಿದ ಮೇಲೆ ಬ್ರೇಕ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಅದು ಗೊತ್ತಿರುವುದರಿಂದ ನಾನು ಮೊದಲ ಸಲಕ್ಕೇ ಬಲವಾಗಿ ಒತ್ತಿ ಹಿಡಿಯುತ್ತಿದ್ದೆ. ಅವಳಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಕೂಗಿದೆ. ಹೆಲ್ಮೆಟ್ಟಿನೊಳಗೆ ನನ್ನ ಕೂಗು ನನಗೇ ಕೇಳಿತು. ವ್ಯಾನು ನಿಲ್ಲಲಿಲ್ಲ. ಆ ಒಂದು ಗಳಿಗೆಯಲ್ಲಿ ನನ್ನ ಕಣ್ಣಿಗೆ ರಸ್ತೆ ಕಾಣಲಿಲ್ಲ. ನಾಳೆ ಇದರ ಫೋಟೋ ತೆಗೆಯಲು ಬೇರೆ ಯಾರನ್ನು ಕರೆಯುತ್ತಾರೆ ಎಂಬುದೊಂದೇ ತಲೆಗೆ ಬಂತು. ಅದನ್ನು ಯೋಚಿಸಿದ್ದಕ್ಕೆ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಮಗಳು ಹ್ಯಾಂಡ್‌ಬ್ರೇಕ್ ಎಳೆದು, ಬಸ್ಸಿನ ಕಡೆಗೆ ಹೋಗದೆ ಎಡಗಡೆಯ ಧರೆಗೆ ಗಾಡಿಯನ್ನು ತಿರುಗಿಸಿದಳು. ರಸ್ತೆ ಮಾಡುವಾಗ ಕಡಿದ ಆ ಮಣ್ಣಿನ ಗೋಡೆಗೆ ಮೂಗು ಒರೆಸಿಕೊಂಡು ವ್ಯಾನು ನಿಂತಿತು. ಬಸ್ಸೂ ನಿಂತಿತು. ನಿಲ್ಲದವನು ನಾನೊಬ್ಬನೇ. ಸ್ಕೂಟರ್ ಸಮೇತ ಚರಂಡಿಗೆ ಹೋಗಿ ಬಿದ್ದೆ.

ಕಂಡಕ್ಟರು ಬಂದು ರಟ್ಟೆ ಹಿಡಿದು ಎಬ್ಬಿಸಿದರು. ಹೆಲ್ಮೆಟ್ ತೆಗೆದಾಗ ಒಂದು ಬಿಳಿ ಗುಂಡಿ ಕೆಳಗೆ ಬಿತ್ತು. ಓ, ಸ್ಟುಡಿಯೋದವರು, ಫೋಟೋ ತೆಗೆಯಲು ಇಷ್ಟು ಬೇಗ ಬಂದರಾ ಎಂದು ಬಸ್ಸಿನೊಳಗಿಂದ ಯಾರೋ ಕೇಳಿದರು. ಮಗಳು ವ್ಯಾನಿನಿಂದ ಇಳಿದು ಬಂದಳು. ಎಲ್ಲೂ ಗಾಯವಿಲ್ಲ. ಅವಳ ಮುಖ, ಕೈ, ಕಾಲು ಎರಡೆರಡು ಸಲ ನೋಡಿದೆ.

ಬಸ್ಸಿನ ಡ್ರೈವರು ವಯಸ್ಸಾದವರು. ವ್ಯಾನಿನೊಳಗೆ ಕೈ ಹಾಕಿ ಕೀ ನೋಡಿದರು, ಗೇರು ಅಲ್ಲಾಡಿಸಿ ನೋಡಿದರು. ಆಮೇಲೆ ಮಗಳ ಕಡೆ ತಿರುಗಿ, “ಎಂಜಿನ್ ಬಂದ್ ಮಾಡ್ಕಂಡು ಈ ಇಳಿಜಾರಲ್ಲಿ ಬರದಾ ಮಾರಾಯ್ತಿ? ಯಾರು ನಿಂಗೆ ಗಾಡಿ ಕಲಿಸ್ದವ್ರು?” ಎಂದು ಕೇಳಿದರು.

ಅವಳು ನನ್ನ ಕಡೆ ನೋಡಲಿಲ್ಲ. ನೆಲ ನೋಡುತ್ತಾ ಸುಮ್ಮನೆ ನಿಂತಳು. ನನ್ನ ಮಾನ ಉಳಿಸಲು ನಿಂತಿದ್ದಾಳೆ ಎಂದು ಗೊತ್ತಾಯಿತು. ಇಡೀ ಬಸ್ಸು ಕಿಟಕಿಯಿಂದ ತಲೆ ಹೊರಗೆ ಹಾಕಿತ್ತು. ಆದರೂ, ಈ ಚಟ ನಾನು ಕಲಿಸಿದ್ದಲ್ಲವಲ್ಲ ಎಂದು ನನ್ನ ಒಳಗೊಬ್ಬ ಇನ್ನೂ ವಾದ ಹೂಡುತ್ತಿದ್ದ. ಮೈದಾನದಲ್ಲಿ ಹೇಳಿಲ್ಲ, ಕಡಹಿನಬೈಲಿನಲ್ಲಿ ಹೇಳಿಲ್ಲ. ಅದನ್ನೇ ಗಟ್ಟಿಯಾಗಿ ಕೇಳಿಬಿಟ್ಟೆ. ಯಾಕೆ ಬಂದ್ ಮಾಡಿದೆ, ನಾನು ಯಾವತ್ತು ಹೇಳಿಕೊಟ್ಟಿದ್ದೆ ಎಂದೆ.

“ನೀವೇ ಹೇಳಿದ್ರಲ್ಲ ಅಪ್ಪಯ್ಯ, ನಾನು ಸಣ್ಣಿದ್ದಾಗ. ಚೌಡಿಗೆ ಒಂದು ಹಾರ್ನ್ ಹೊಡ್ದು, ಆಮೇಲೆ ಸದ್ದು ಮಾಡ್ಬಾರ್ದು, ಎಂಜಿನ್ ಬಂದ್ ಮಾಡಿ ಇಳೀಬೇಕು, ಅದು ಮರ್ಯಾದೆ ಅಂತ.”

ಡ್ರೈವರು ನನ್ನ ಮುಖ ನೋಡಿದರು. ನನಗೆ ನೆನಪಾಯಿತು. ವ್ಯಾನು ಕೊಂಡ ಹೊಸತು. ಮದುವೆಯ ಫೋಟೋಕ್ಕೆಂದು ಮಾತಾಡಲು ಬಂದಿದ್ದ ಒಬ್ಬ ದೊಡ್ಡ ಕುಳವನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದೇ ದಾರಿಯಲ್ಲಿ ಹೋಗುತ್ತಿದ್ದೆ. ಹಿಂದಿನ ಸೀಟಿನಲ್ಲಿ ಕಾಲು ನೆಲಕ್ಕೆ ತಾಗದ ಮಗಳು. ಯಾಕೆ ಗಾಡಿ ಬಂದ್ ಮಾಡಿದ್ದು ಅಪ್ಪಯ್ಯ ಎಂದು ಕೇಳಿದ್ದಳು. ಪೆಟ್ರೋಲ್ ಉಳಿಸಲು ಎಂದರೆ ಆ ಮನುಷ್ಯರ ಎದುರು ಜಿಪುಣ ಎನಿಸಿಕೊಳ್ಳಬೇಕಲ್ಲ. ಬಾಯಿಗೆ ಬಂದ ಸುಳ್ಳು ಹೇಳಿದೆ. ಆ ಮನುಷ್ಯರು ಭಕ್ತಿಯಿಂದ ಕೈಯನ್ನೂ ಮುಗಿದಿದ್ದರು. ನಾನು ಆ ಕ್ಷಣವೇ ಮರೆತದ್ದನ್ನು ಅವಳು ಹನ್ನೊಂದು ವರ್ಷ ಇಟ್ಟುಕೊಂಡಿದ್ದಳು.

ಅಷ್ಟು ಓದಿದವಳು ಅದನ್ನೆಲ್ಲ ನಂಬುವುದಾ ಎಂದು ಕೇಳಿದೆ.

“ಅನುಮಾನ ಇತ್ತು” ಎಂದಳು. “ಆದ್ರೆ ಸೀಟ್ ಬೆಲ್ಟ್ ಹಾಕು ಅಂತೀರಿ, ನೀವು ಹಾಕಲ್ಲ. ಓಡ್ಸುವಾಗ ಮಾತಾಡ್ಬೇಡ ಅಂತೀರಿ, ನೀವು ಮಾತಾಡ್ತೀರಿ. ಇದೊಂದನ್ನ ಮಾತ್ರ ಒಂದು ಸಲನೂ ತಪ್ಸಿಲ್ಲ. ಅದ್ಕೇ ಇದೊಂದಾದ್ರೂ ನಿಜ ಅಂದ್ಕಂಡೆ.”

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆಯನ್ನು ನಾನು ಬೇರೆಯವರ ಬಗ್ಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಅಂದು ಅದು ನನ್ನ ಬಾಯಿಗೆ ಬರಲಿಲ್ಲ. ಮೊಣಕಾಲು ತರಚಿ ಉರಿಯುತ್ತಿತ್ತು. ಹದಿನೈದು ವರ್ಷ ಊರಿನವರ ತಪ್ಪಿನ ಫೋಟೋ ತೆಗೆದು ಹೆದರಿಕೊಂಡಿದ್ದವನು, ನನ್ನ ಮಗಳಿಗೆ ರಸ್ತೆಯಲ್ಲಿ ಇದ್ದ ಅಪಾಯ ನಾನೇ ಎಂದು ಒಮ್ಮೆಯೂ ಅಂದುಕೊಂಡಿರಲಿಲ್ಲ. ಡ್ರೈವರಿಗೆ, ಕಲಿಸಿದ್ದು ನಾನೇ ಎಂದೆ. ಅವರು ಬೈಯಲಿಲ್ಲ. ಕೂಸು ಧರೆಗೆ ತಿರುಗಿಸಿದ್ದಕ್ಕೆ ಬಚಾವಾಯಿತು, ಅದನ್ನಾದರೂ ನೀವು ಕಲಿಸಿದ್ದಾ ಎಂದು ಕೇಳಿದರು. ಅಲ್ಲ, ಅದು ಅವಳದ್ದೇ ಎಂದೆ.

ಬಸ್ಸು ಹೋಯಿತು. ಹ್ಯಾಂಡಲ್ ಸೊಟ್ಟಗಾದ ಸ್ಕೂಟರನ್ನು ಹತ್ತಿರದ ಮನೆಯ ಅಂಗಳದಲ್ಲಿ ನಿಲ್ಲಿಸಿ ಬಂದೆವು. ಏನಾದರೂ ಆದರೆ ಕೀ ನನ್ನ ಜೇಬಿಗೆ ಎಂದು ಮಾತಾಗಿತ್ತು. ಮಗಳು ಮಾತಿಗೆ ತಪ್ಪದವಳು, ಕೀ ತೆಗೆದು ನನ್ನ ಕೈಗಿಟ್ಟಳು. ಅವಳ ಬೆರಳು ತಣ್ಣಗಿದ್ದವು. ನಾನು ಅದನ್ನು ಅವಳಿಗೇ ವಾಪಸು ಕೊಟ್ಟು, ಎಡಗಡೆಯ ಸೀಟಿನಲ್ಲಿ ಹೋಗಿ ಕೂತೆ. ಕೂತು ಸೀಟ್ ಬೆಲ್ಟ್ ಹಾಕಿಕೊಳ್ಳಲು ನೋಡಿದೆ. ಅಷ್ಟು ವರ್ಷ ಎಳೆಯದೇ ಇದ್ದ ಬೆಲ್ಟು, ಹೊರಗೆ ಬರಲೇ ಇಲ್ಲ. ಅವಳು ಈಚೆಗೆ ಬಾಗಿ, ಎರಡು ಕೈಯಲ್ಲಿ ಜಗ್ಗಿ, ನನಗೆ ಕಟ್ಟಿದಳು. ಸೇತುವೆಯ ತನಕ ಎರಡನೇ ಗೇರಿನಲ್ಲಿ, ಎಂಜಿನ್ ಗುರುಗುಟ್ಟಿಸಿಕೊಂಡು ಇಳಿದೆವು. ಕಮ್ಮರಡಿಯ ಮನೆಯಲ್ಲಿ ಆಲ್ಬಂ ನೋಡಿ, ಎಷ್ಟು ಚೆನ್ನಾಗಿ ಬಂದಿದೆ ಎಂದು ಹೊಗಳಿ, ಕಾಫಿ ಕೊಟ್ಟರು. ನನ್ನ ಪ್ಯಾಂಟಿನ ಕೆಸರಿನ ಬಗ್ಗೆ ಯಾರೂ ಏನೂ ಕೇಳಲಿಲ್ಲ.

ಮುಂದಿನ ವಾರ ಅವಳು ಒಬ್ಬಳೇ ಶೃಂಗೇರಿಯ ಮದುವೆಗೆ ಹೋದಳು. ನಾನು ನರಸಿಂಹರಾಜಪುರದ ಮದುವೆಗೆ ಬಸ್ಸಿನಲ್ಲಿ ಹೋದೆ. ಅವಳ ರೋಲ್ ಪ್ರಿಂಟಾಗಿ ಬಂದಾಗ ಮದುವೆಯ ಫೋಟೋಗಳ ಮೊದಲು ಬೇರೆ ಒಂದು ಫೋಟೋ ಇತ್ತು. ನಾನು ಚರಂಡಿಯಿಂದ ಸ್ಕೂಟರ್ ಎಳೆಯುತ್ತಿದ್ದಾಗ ಅವಳು ತೆಗೆದದ್ದು. ಹಿಂದೆ ಧರೆಗೆ ಮೂಗಿಟ್ಟ ವ್ಯಾನು, ಮುಂದೆ ಮಗುಚಿದ ಸ್ಕೂಟರ್, ನಡುವೆ ಬಗ್ಗಿ ನಿಂತ ನಾನು. ಒಂಚೂರೂ ಶೇಕ್ ಆಗಿರಲಿಲ್ಲ. ಅದನ್ನು ಅವಳು ‘ಶುಭವಿವಾಹ’ದ ಕೊನೆಯ ಹಾಳೆಗೆ ಅಂಟಿಸಿ, ಕೆಳಗೆ ‘ಕಾರಣ’ ಎಂದಷ್ಟೇ ಬರೆದು, ಮುಂದೆ ಖಾಲಿ ಬಿಟ್ಟು ನನ್ನ ಮೇಜಿನ ಮೇಲೆ ಇಟ್ಟಿದ್ದಳು.

ಎರಡು ದಿನ ಅದು ಹಾಗೇ ಇತ್ತು. ಮೂರನೆಯ ದಿನ ಪೆನ್ನು ತೆಗೆದುಕೊಂಡು, ಉಳಿದವುಗಳ ಕೆಳಗೆ ಬರೆದ ಹಾಗೇ ದುಂಡಗೆ ಬರೆದೆ. ‘ಚಾಲಕಿಯ ತಂದೆ ಹನ್ನೊಂದು ವರ್ಷದ ಹಿಂದೆ ಹೇಳಿದ ಸುಳ್ಳು.’ ಅಲ್ಲಿಗೆ ಸಾಲದೆನಿಸಿ ಇನ್ನೂ ಒಂದನ್ನು ಸೇರಿಸಿದೆ. ‘ಮತ್ತು ಅವಳು ಅವನನ್ನು ನಂಬಿದ್ದು.’